ಹೊರೆಯನ್ನು ತೂಗಿ ಕಳುಹಿಸೋಣ

ಪರವೂರಿನಲ್ಲಿ ನೆಲೆಸಿದ ನಮ್ಮ ಜನರಲ್ಲಿ ಒಂದು ಹಳೆಯ ಮರ್ಯಾದೆಯುಂಟು. ಊರಿಗೆ ಹೊರಟವನ ಕೈಯಲ್ಲಿ ಮನೆಗೆಂದು ಗಂಟು ಕೊಟ್ಟು ಕಳುಹಿಸುವಾಗ, ಹೊರತಕ್ಕವನಿಗೆ ಅದು ಎಷ್ಟು ಭಾರವಾದೀತೆಂದು ಮೊದಲು ಯೋಚಿಸುತ್ತಾರೆ. ಅವನಿಗೂ ತನ್ನ ಪೆಟ್ಟಿಗೆಯಿದೆ, ಜೊತೆಯಲ್ಲಿ ಮಕ್ಕಳುಮರಿಯಿದೆ ಎಂಬ ವಿವೇಚನೆಯಿಂದ, ಹತ್ತು ಕಿಲೋ ತೂಕದ ಗಂಟನ್ನು ಮೂರು ಕಿಲೋಕ್ಕೆ ಇಳಿಸಿ, "ಇಷ್ಟು ಒಯ್ದರೆ ದೊಡ್ಡ ಉಪಕಾರ ಮಾರಾಯರೇ" ಎಂದು ಸಂಕೋಚದಿಂದಲೇ ಕೊಡುತ್ತಾರೆ. ಗಂಟು ಕಳುಹಿಸುವವನದಾದರೂ ಬೆನ್ನು ಹೊರುವವನದು ಎಂಬ ಸತ್ಯವನ್ನು ಅವರು ಯಾವ ಪುಸ್ತಕದಿಂದಲೂ ಕಲಿತವರಲ್ಲ.

ಈಗ ಗಂಟು ಹೋಗುವ ದಾರಿ ಬದಲಾಗಿದೆ. ಶುಭಾಶಯ, ಆಮಂತ್ರಣ, ಸಂಘದ ಸೂಚನೆ, ಸಮಾರಂಭದ ಚಿತ್ರ, ಲೇಖನ ಎಲ್ಲವೂ ಅಂಗೈಯೊಳಗಿನ ಫೋನಿನಿಂದ ಕ್ಷಣಾರ್ಧದಲ್ಲಿ ಹೊರಡುತ್ತವೆ. ಆದರೆ ಆ ಹಳೆಯ ಮರ್ಯಾದೆ ಮಾತ್ರ ಈ ಹೊಸ ದಾರಿಗೆ ಇನ್ನೂ ಬಂದು ಸೇರಿಲ್ಲ. ಗಂಟನ್ನು ಎತ್ತಿದ ಕೈಗೆ ಅದರ ತೂಕ ತಿಳಿಯುತ್ತಿತ್ತು. ಗುಂಡಿ ಒತ್ತಿದ ಬೆರಳಿಗೆ ತಿಳಿಯುವುದಿಲ್ಲ. ಈ ತೂಕ ಎಂಥದು, ಅದನ್ನು ಯಾರು ಹೊರುತ್ತಾರೆ, ಹಗುರ ಮಾಡುವ ಬಗೆ ಯಾವುದು ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಒಂದು ಲೆಕ್ಕ. ಇಂದಿನ ಸಾಮಾನ್ಯ ಫೋನಿನಲ್ಲಿ ತೆಗೆದ ಒಂದು ಛಾಯಾಚಿತ್ರ ಸುಮಾರು 3ರಿಂದ 4 ಮೆಗಾಬೈಟ್ ತೂಗುತ್ತದೆ. 500 ಮಂದಿ ಸದಸ್ಯರಿರುವ ವಾಟ್ಸಾಪ್ ಬಳಗವೊಂದಕ್ಕೆ 4 ಮೆಗಾಬೈಟಿನ ಚಿತ್ರವನ್ನು ಕುಗ್ಗಿಸದೆ ಇದ್ದಂತೆಯೇ ಕಳುಹಿಸಿದರೆ, ಕಳುಹಿಸಿದವನ ಖಾತೆಯಿಂದ ಖರ್ಚಾಗುವುದು ಒಂದೇ ಸಲ, 4 ಮೆಗಾಬೈಟ್. 500 ಮಂದಿಯೂ ಅದನ್ನು ಇಳಿಸಿಕೊಂಡರೆ, ಅವರೆಲ್ಲರ ಖಾತೆಗಳಿಂದ ಒಟ್ಟಿಗೆ ಖರ್ಚಾಗುವುದು 2000 ಮೆಗಾಬೈಟ್, ಅಂದರೆ 2 ಗಿಗಾಬೈಟ್. ಒಬ್ಬನ ಸಡಗರಕ್ಕೆ ಐನೂರು ಜನರ ತೆರಿಗೆ ಎಂದರೆ ಇದೇ.

ಹಿಂದಿನ ವ್ಯವಸ್ಥೆಯಲ್ಲಿ ಹೀಗಿರಲಿಲ್ಲ. 2013ರ ಜುಲೈಯಲ್ಲಿ ನಮ್ಮ ದೇಶದ ತಂತಿ ಸೇವೆ ಕೊನೆಗೊಂಡಿತು. ಅದು ನಡೆಯುತ್ತಿದ್ದ ಕಾಲದಲ್ಲಿ ಪದಗಳನ್ನು ಎಣಿಸಿ ಹಣ ತೆಗೆದುಕೊಳ್ಳುತ್ತಿದ್ದರು. ಹೆಚ್ಚಿನ ಪದಕ್ಕೆ ಹೆಚ್ಚಿನ ಹಣ ತೆರತಕ್ಕವನು ಕಳುಹಿಸುವವನೇ ಆದುದರಿಂದ, ಹುಟ್ಟಿನ ಸುದ್ದಿಯಾಗಲಿ ಸಾವಿನ ಸುದ್ದಿಯಾಗಲಿ ನಾಲ್ಕಾರು ಪದಗಳಲ್ಲಿ ಮುಗಿಯುತ್ತಿತ್ತು. ಅಂಚೆಯಲ್ಲಿ ಮಾತ್ರ 'ಬೇರಿಂಗ್' ಪತ್ರವೆಂಬುದೊಂದಿತ್ತು. ಸಾಕಷ್ಟು ಸ್ಟಾಂಪು ಹಚ್ಚದೆ ಹಾಕಿದ ಪತ್ರಕ್ಕೆ, ಕೊರತೆಯ ಇಮ್ಮಡಿ ಹಣವನ್ನು ಪಡೆಯುವವನು ತೆತ್ತು ಬಿಡಿಸಿಕೊಳ್ಳಬೇಕಾಗಿತ್ತು. ಇಂದು ಬೇಡದೆ ಬರುವ ಭಾರದ ಚಿತ್ರಗಳೂ ಚಲಚ್ಚಿತ್ರಗಳೂ ಬೇರಿಂಗ್ ಪತ್ರಗಳೇ ಸರಿ. ವ್ಯತ್ಯಾಸವಿಷ್ಟೇ: ಬೇರಿಂಗ್ ಪತ್ರವನ್ನು "ಬೇಡ" ಎಂದು ಅಂಚೆಯವನಿಗೆ ಹಿಂದಿರುಗಿಸಬಹುದಾಗಿತ್ತು; ಇದು ಕೇಳದೆಯೇ ಮನೆಯೊಳಗೆ ಬಂದು ಕುಳಿತಿರುತ್ತದೆ.

ಇನ್ನು 'ಬ್ಯಾಂಡ್‌ವಿಡ್ತ್' ಎಂದರೇನು ಎಂಬ ಪ್ರಶ್ನೆ. ಮುಂಬಯಿಯ ಚಾಳಿನಲ್ಲಿ ವಾಸಿಸಿದವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಮುನಿಸಿಪಾಲಿಟಿಯ ನೀರಿನ ವಿಷಯದಲ್ಲಿ ಎರಡು ಮಿತಿಗಳುಂಟು. ಕೊಳವೆಯ ಅಗಲ ಒಂದು. ಟಾಕಿಯ ಗಾತ್ರ ಇನ್ನೊಂದು. ಕೊಳವೆ ಅಗಲವಾಗಿದ್ದರೆ ಕೊಡ ಬೇಗ ತುಂಬುತ್ತದೆ, ಕಿರಿದಾಗಿದ್ದರೆ ನಿಧಾನವಾಗಿ ತುಂಬುತ್ತದೆ. ಟಾಕಿ ದೊಡ್ಡದಾಗಿದ್ದರೆ ದಿನವಿಡೀ ನೀರು, ಚಿಕ್ಕದಾಗಿದ್ದರೆ ಮಧ್ಯಾಹ್ನಕ್ಕೇ ಬರಿದು. ಫೋನಿನಲ್ಲಿ ಬ್ಯಾಂಡ್‌ವಿಡ್ತ್ ಎಂಬುದು ಮೂಲತಃ ಕೊಳವೆಯ ಅಗಲ, ಅಂದರೆ ಒಂದು ಸೆಕೆಂಡಿಗೆ ಎಷ್ಟು ಸಾಗಬಲ್ಲದೆಂಬ ಪ್ರಮಾಣ. ದಿನಕ್ಕೆ 1 ಗಿಗಾಬೈಟ್, ಒಂದೂವರೆ ಗಿಗಾಬೈಟ್, 2 ಗಿಗಾಬೈಟ್ ಎಂದು ಪ್ಯಾಕುಗಳಲ್ಲಿ ಕೊಡುವುದು ಟಾಕಿಯ ಗಾತ್ರ. ಎರಡನ್ನೂ ಒಂದೇ ಎಂದು ತಿಳಿಯುವವರು ಬಹಳ. "ಡೇಟಾ ಇದೆ, ಆದರೂ ಓಡುವುದಿಲ್ಲ" ಎಂದು ಗೊಣಗುವವನಿಗೆ ಟಾಕಿ ತುಂಬಿದ್ದು ಕೊಳವೆ ಕಿರಿದಾಗಿರುತ್ತದೆ. ರಾತ್ರಿ ಒಂಬತ್ತರ ಹೊತ್ತಿಗೆ ಇಡೀ ಚಾಳಿನವರು ಫೋನು ಹಿಡಿದು ಕುಳಿತಾಗ, ಒಂದೇ ನಳಕ್ಕೆ ನೂರು ಕೊಡ ಹಿಡಿದಂತಾಗಿ, ಎಲ್ಲರಿಗೂ ತೊಟ್ಟಿಕ್ಕುವ ನೀರೇ ಗತಿ. ಒಂದು ಗೋಪುರದ ಅಲೆಗಳನ್ನು ಆ ಪ್ರದೇಶದವರೆಲ್ಲ ಹಂಚಿಕೊಳ್ಳಬೇಕಾಗಿರುವುದೇ ಇದಕ್ಕೆ ಕಾರಣ.

ಇನ್ನೊಂದು ಮಾತನ್ನೂ ಗುಮಾಸ್ತ ಬಾಂಧವರು ಮನಸ್ಸಿನಲ್ಲಿಡತಕ್ಕದ್ದು. ಕಂಪನಿಗಳು ವೇಗವನ್ನು 'ಬಿಟ್'ಗಳಲ್ಲಿ ಹೇಳುತ್ತವೆ. ಕಡತದ ತೂಕವನ್ನು ನಾವು 'ಬೈಟ್'ಗಳಲ್ಲಿ ಎಣಿಸುತ್ತೇವೆ. 8 ಬಿಟ್ ಕೂಡಿದರೆ 1 ಬೈಟ್. ಆದುದರಿಂದ ಸೆಕೆಂಡಿಗೆ 8 ಮೆಗಾಬಿಟ್ ಎಂದು ಜಾಹೀರಾತು ಮಾಡಿದ ಕೊಳವೆಯಲ್ಲಿ ಸೆಕೆಂಡಿಗೆ ಬರತಕ್ಕದ್ದು 1 ಮೆಗಾಬೈಟ್ ಮಾತ್ರ. ಪಾವನ್ನು ಸೇರೆಂದು ತಿಳಿದು ಅಂಗಡಿಗೆ ಹೋದವನಂತೆ ಇಲ್ಲಿ ಮೋಸಹೋಗುವುದು ಸುಲಭ.

ದಿನದ ಪಾಲು ಮುಗಿದ ಮೇಲೆ ಏನಾಗುತ್ತದೆ? ಹಲವು ಪ್ಯಾಕುಗಳಲ್ಲಿ ಸಂಪರ್ಕ ಪೂರ್ತಿ ನಿಲ್ಲುವುದಿಲ್ಲ. ವೇಗವನ್ನು ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿಸುತ್ತಾರೆ. ಅಂದರೆ ಸೆಕೆಂಡಿಗೆ 8 ಕಿಲೋಬೈಟ್. ಈ ಗತಿಯಲ್ಲಿ 4 ಮೆಗಾಬೈಟಿನ ಒಂದು ಚಿತ್ರ ಇಳಿಯಲು 500 ಸೆಕೆಂಡು, ಎಂಟು ನಿಮಿಷಕ್ಕೂ ಮೇಲೆ ಬೇಕು. ಊರಿನ ಮನೆಯವರ ಮುಖ ಕಂಡು ಮಾತನಾಡುವ ಆಸೆಯನ್ನಂತೂ ಬಿಟ್ಟೇಬಿಡಬೇಕು.

ಇಲ್ಲಿಯೇ ಈ ವಿಷಯದ ನೋವಿರುವುದು. ಹೋಟೆಲಿನ ಸಪ್ಲಾಯರನೊಬ್ಬನ ದಿನಚರಿಯನ್ನು ನೋಡಿರಿ. ಬೆಳಗಿನ ಐದಕ್ಕೆ ಏಳುತ್ತಾನೆ. ರಾತ್ರಿ ಶಟರು ಎಳೆದು, ಮೇಜು ಒರೆಸಿ, ಊಟ ಮಾಡಿ ಮೂಲೆಗೆ ಸರಿಯುವಾಗ ಹನ್ನೊಂದು. ಆಗ ಅವನಿಗೆ ತನ್ನದೆಂದು ಉಳಿಯುವುದು ಅರ್ಧ ಗಂಟೆ. ಊರಿನಲ್ಲಿ ತಾಯಿಯೋ ಹೆಂಡತಿಯೋ ನಿದ್ದೆಗೆಟ್ಟು ಕಾದಿರುತ್ತಾಳೆ. ಫೋನು ತೆರೆದರೆ ದಿನದ ಪಾಲು ಆಗಲೇ ಬರಿದಾಗಿದೆ! ಅವನು ಹತ್ತು ಬಳಗಗಳಲ್ಲಿ ಸದಸ್ಯ. ಒಂದೊಂದರಲ್ಲಿಯೂ ದಿನಕ್ಕೆ ಹತ್ತು ಚಲಚ್ಚಿತ್ರ, ಒಂದೊಂದಕ್ಕೆ 10 ಮೆಗಾಬೈಟ್ ಎಂದು ಹಿಡಿದರೂ ಎಲ್ಲವೂ ತಾವಾಗಿ ಇಳಿದ ಪಕ್ಷದಲ್ಲಿ 1000 ಮೆಗಾಬೈಟ್ ಅಲ್ಲಿಗೇ ಆಯಿತು. ಒಂದೂವರೆ ಗಿಗಾಬೈಟಿನ ಪಾಲಿನಲ್ಲಿ ಮೂರರಲ್ಲಿ ಎರಡು ಭಾಗ ಹೋಯಿತು. ಅವನು ಸ್ವತಃ ಇಷ್ಟಪಟ್ಟು ಸಿನೆಮಾ ನೋಡಿದ್ದರೆ ಅದು ಅವನ ಹಣ, ಅವನ ಸಂತೋಷ, ನಮ್ಮ ತಕರಾರಿಲ್ಲ. ಆದರೆ ಅವನು ಕೇಳದ, ನೋಡಲು ಸಮಯವೂ ಇಲ್ಲದ ವಸ್ತುಗಳು ಅವನ ಟಾಕಿಯನ್ನು ಖಾಲಿ ಮಾಡುವುದು ಯಾವ ನ್ಯಾಯ? ಮುಂಜಾನೆ ಬಂದ ನೂರು ಹೂವುಗಳು ರಾತ್ರಿಯಲ್ಲಿ ಕಾಣಬೇಕಾಗಿದ್ದ ಒಂದು ಮುಖವನ್ನು ಮರೆಮಾಡಿದುವಲ್ಲವೇ?

ಇನ್ನು ಅಕ್ಷರದ ತೂಕವನ್ನು ನೋಡೋಣ. ಗಣಕದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು. 1992ರಲ್ಲಿ ಕೆನ್ ಥಾಮ್ಸನ್ ಮತ್ತು ರಾಬ್ ಪೈಕ್ ಎಂಬ ಇಬ್ಬರು ತಜ್ಞರು ರೂಪಿಸಿದ, ಇಂದು ಜಗತ್ತಿನಲ್ಲೆಲ್ಲ ಬಳಕೆಯಲ್ಲಿರುವ 'ಯುಟಿಎಫ್-8' ಎಂಬ ಪದ್ಧತಿಯಲ್ಲಿ ಗ್ರೀಕ್, ರಷ್ಯನ್, ಅರಬ್ಬೀ ಅಕ್ಷರಗಳು ಸಾಮಾನ್ಯವಾಗಿ 2 ಬೈಟ್ ಹಿಡಿಯುತ್ತವೆ; ಕನ್ನಡ ಮೊದಲಾದ ನಮ್ಮ ಲಿಪಿಗಳ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. 'ಕನ್ನಡ' ಎಂಬ ಪದದಲ್ಲಿ ಕ, ನ, ಒತ್ತಕ್ಷರವನ್ನು ಕೂಡಿಸುವ ವಿರಾಮ ಚಿಹ್ನೆ, ಮತ್ತೊಂದು ನ, ಡ ಎಂದು ಐದು ಸಂಕೇತಗಳು. ಆದ್ದರಿಂದ 15 ಬೈಟ್. ಎಸ್ಸೆಮ್ಮೆಸ್ಸಿನಲ್ಲಿಯೂ ಇಂಗ್ಲಿಷಿಗೆ 160 ಅಕ್ಷರಗಳ ಅವಕಾಶವಿದ್ದರೆ ಕನ್ನಡಕ್ಕೆ 70 ಸಂಕೇತಗಳ ಅವಕಾಶ ಮಾತ್ರ.

ಇದನ್ನು ಕೇಳಿ, ನಮ್ಮ ಭಾಷೆಗೆ ಅನ್ಯಾಯವಾಯಿತೆಂದು ಯಾರೂ ಉದ್ವಿಗ್ನರಾಗಬೇಕಿಲ್ಲ. ಮುಮ್ಮಡಿಯಾದರೂ ನಮ್ಮ ಅಕ್ಷರ ಅಕ್ಕಿಕಾಳಿನಷ್ಟೇ ಹಗುರ. ಎರಡು ಸಾವಿರ ಪದಗಳ ಕನ್ನಡ ಲೇಖನವೊಂದು ಪದಕ್ಕೆ ಸರಾಸರಿ 25 ಬೈಟಿನಂತೆ 50 ಕಿಲೋಬೈಟ್ ಆದೀತು. ಮೇಲೆ ಹೇಳಿದ ಒಂದು ಛಾಯಾಚಿತ್ರದ ತೂಕದಲ್ಲಿ ಇಂತಹ 80 ಲೇಖನಗಳು ಹಿಡಿಯುತ್ತವೆ. ಪಾಲು ಮುಗಿದ ಮೇಲಿನ 64 ಕಿಲೋಬಿಟ್‌ನ ಕುಂಟುನಡಿಗೆಯಲ್ಲಿಯೂ ಆ ಲೇಖನ ಆರೇಳು ಸೆಕೆಂಡುಗಳಲ್ಲಿ ಓದುಗನ ಕೈಸೇರುತ್ತದೆ. ಬಡವನ ಕೊಳವೆಯಲ್ಲಿಯೂ ತಡೆಯಿಲ್ಲದೆ ಹರಿದು ಬರತಕ್ಕ ವಸ್ತು ಯಾವುದೆಂದರೆ ಬರೆದ ಮಾತು.

ಇಂತಿರುವಲ್ಲಿ ನಾವು ಮಾಡುತ್ತಿರುವುದೇನು? ಬರೆದ ಮಾತನ್ನೇ ಚಿತ್ರವನ್ನಾಗಿ ಮಾಡಿ ಕಳುಹಿಸುತ್ತಿದ್ದೇವೆ. ಸಂಘದ ವಿದ್ಯಾರ್ಥಿವೇತನದ ಸೂಚನೆಯನ್ನು ಕಾಗದದ ಮೇಲೆ ಅಚ್ಚು ಮಾಡಿ, ಸಹಿ ಮಾಡಿ, ಮೊಹರು ಒತ್ತಿ, ಮತ್ತೆ ಅದರ ಫೋಟೋ ತೆಗೆದು ಬಳಗಕ್ಕೆ ಹಾಕುವುದು ಎಲ್ಲ ಊರುಗಳಲ್ಲಿಯೂ ರೂಢಿಯಾಗಿದೆ. ಅದರಲ್ಲಿರುವುದು ಐವತ್ತು ಪದ. ಅಕ್ಷರವಾಗಿ ಕಳುಹಿಸಿದರೆ ಸುಮಾರು ಒಂದೂಕಾಲು ಕಿಲೋಬೈಟ್. ಚಿತ್ರವಾದಾಗ ಅದರ ಸಾವಿರಾರು ಪಟ್ಟು. ಯಾವ ಹುಡುಗನ ತಂದೆಗೆ ಆ ವೇತನದ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿದೆಯೋ ಅವನ ಫೋನಿನಲ್ಲಿಯೇ ಅದು ತೆರೆಯದೆ ಸುತ್ತುತ್ತಿರುತ್ತದೆ. ತೆರೆದರೂ ಅಕ್ಷರ ಮಸುಕು. ಕೊನೆಯ ದಿನಾಂಕವನ್ನು ಹುಡುಕಿ ತೆಗೆಯುವಂತಿಲ್ಲ, ಪ್ರತಿಮಾಡಿ ಇನ್ನೊಬ್ಬರಿಗೆ ಕಳುಹಿಸುವಂತಿಲ್ಲ. ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ಸಾಧನವನ್ನು ಅಂಧರು ಬಳಸುತ್ತಾರೆ. ಚಿತ್ರದೊಳಗೆ ಹುದುಗಿದ ಕನ್ನಡದ ಮುಂದೆ ಆ ಸಾಧನ ಬಹಳ ಸಲ ಮೂಕವಾಗುತ್ತದೆ.

ಈ ರೂಢಿಗೆ ಹಿಂದೆ ಕಾರಣವಿತ್ತು. ಒಂದು ಯಂತ್ರದಲ್ಲಿ ಬರೆದ ಕನ್ನಡ ಮತ್ತೊಂದರಲ್ಲಿ ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತಿದ್ದ ದಿನಗಳಿದ್ದುವು. ಆದುದರಿಂದ ಜನರು ಹೆದರಿ ಚಿತ್ರಕ್ಕೆ ಶರಣಾದರು. ಆದರೆ ಕನ್ನಡವು 1991ರಲ್ಲಿ ಹೊರಬಂದ ಯುನಿಕೋಡಿನ ಮೊದಲನೆಯ ಆವೃತ್ತಿಯಲ್ಲಿಯೇ ಸ್ಥಾನ ಪಡೆದ ಲಿಪಿ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದಿದ್ದ ನಮ್ಮ ಕರಾವಳಿಯ ಕೆ. ಪಿ. ರಾಯರು ಕನ್ನಡಕ್ಕೆ ರೂಪಿಸಿದ ಕೀಲಿಮಣೆಯ ಕ್ರಮವೇ ಮುಂದೆ ಕರ್ನಾಟಕ ಸರಕಾರದ ಅಂಗೀಕೃತ ಕ್ರಮಕ್ಕೆ ಆಧಾರವಾಯಿತು. ಇಂದು ಅಗ್ಗದ ಫೋನಿನಲ್ಲಿಯೂ ಕನ್ನಡದ ಕೀಲಿಮಣೆಯಿದೆ. ಬಾಯಿಂದ ಹೇಳಿದರೆ ಅಕ್ಷರವಾಗಿ ಮೂಡುವ ಅನುಕೂಲವೂ ಇದೆ. ಹಿರಿಯರು ಇಷ್ಟು ಶ್ರಮಪಟ್ಟು ಅಕ್ಷರವನ್ನು ಯಂತ್ರದೊಳಗೆ ನೆಲೆಗೊಳಿಸಿದ ಮೇಲೆ, ನಾವು ಅದನ್ನು ಮತ್ತೆ ಚಿತ್ರಪಟದೊಳಗೆ ಕಟ್ಟಿಹಾಕುವುದು ವಿವೇಕವಲ್ಲ.

ಸ್ವಂತ ಜಾಲತಾಣವಿರುವ ಸಂಘಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಇಂತಹ ತಾಣಗಳನ್ನು ಬಾಡಿಗೆಗೆ ಕೊಡುವ ಹಲವರು, ತಿಂಗಳಿಗೆ ಇಷ್ಟು ಗಿಗಾಬೈಟ್ ಸಾಗಾಟವೆಂದು ಗೊತ್ತುಮಾಡಿರುತ್ತಾರೆ. ಪುಟದ ತೂಕವನ್ನು ಓದುವವರ ಸಂಖ್ಯೆಯಿಂದ ಗುಣಿಸಿದರೆ ಸಾಗಾಟ ಎಷ್ಟೆಂದು ತಿಳಿಯುತ್ತದೆ. 5 ಮೆಗಾಬೈಟಿನ ಪುಟವನ್ನು 10,000 ಸಲ ತೆರೆದರೆ 50 ಗಿಗಾಬೈಟ್. ಮಿತಿ ಮೀರಿದೊಡನೆ ಪುಟದ ಬದಲು 'ಬ್ಯಾಂಡ್‌ವಿಡ್ತ್ ಮಿತಿ ಮೀರಿದೆ' ಎಂಬ ಇಂಗ್ಲಿಷ್ ಒಕ್ಕಣೆ ಬಂದು ನಿಲ್ಲುತ್ತದೆ. ಇದು ನಡೆಯುವುದು ಜನ ಸುಮ್ಮನಿರುವ ದಿನಗಳಲ್ಲಲ್ಲ. ರಾಜ್ಯೋತ್ಸವದಂದೋ ಗಣೇಶ ಚತುರ್ಥಿಯಂದೋ ಎಲ್ಲರೂ ಒಟ್ಟಿಗೆ ಬಂದು ಬಾಗಿಲು ತಟ್ಟಿದಾಗಲೇ. ಎಲೆ ಹಾಕಿ ಅತಿಥಿಗಳನ್ನು ಕರೆದು, ಅವರು ಬಂದೊಡನೆ ಬಾಗಿಲು ಮುಚ್ಚಿದಂತಾಗುತ್ತದೆ.

"ಡೇಟಾ ಈಗ ಅಗ್ಗವಲ್ಲವೇ? ಇಷ್ಟು ಲೆಕ್ಕವೇಕೆ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. 2016ರ ಸಪ್ಟೆಂಬರದಲ್ಲಿ ಜಿಯೋ ಸೇವೆ ಆರಂಭವಾದ ಮೇಲೆ ನಮ್ಮ ದೇಶದಲ್ಲಿ ಡೇಟಾದ ಬೆಲೆ ಬಹಳವಾಗಿ ಇಳಿಯಿತೆಂಬುದು ನಿಜ. ಆದರೆ 2024ರ ಜುಲೈಯಲ್ಲಿ ದೊಡ್ಡ ಖಾಸಗಿ ಕಂಪನಿಗಳೆಲ್ಲವೂ ದರ ಏರಿಸಿದುದೂ ಅಷ್ಟೇ ನಿಜ. ಅದಲ್ಲದೆ ಅಗ್ಗ ಎಂಬುದು ಕೊಳ್ಳುವವನ ಜೇಬನ್ನು ಅವಲಂಬಿಸಿದ ಮಾತು. ಮನೆಯಲ್ಲಿ ವೈಫೈ ಹಾಕಿಸಿಕೊಂಡ ಮಹನೀಯರಿಗೆ ಅಗ್ಗವಾದದ್ದು, ತಿಂಗಳ ಪಗಾರದಲ್ಲಿ ಊರಿಗೆ ಕಳುಹಿಸಿ ಉಳಿದುದರಲ್ಲಿ ರೀಚಾರ್ಜು ಮಾಡಿಸುವ ಹುಡುಗನಿಗೆ ಅಗ್ಗವಲ್ಲ. ನೀರು ಧಾರಾಳವಾಗಿದೆಯೆಂದು ನೆರೆಯವನ ಟಾಕಿಯ ನಳವನ್ನು ತೆರೆದಿಡುವ ಅಧಿಕಾರ ನಮಗಿಲ್ಲ.

ಚಿತ್ರವೇ ಬೇಡವೆಂದು ನಾವು ಹೇಳುತ್ತಿಲ್ಲ. ಮಗಳ ಮದುವೆಯ ಚಿತ್ರ, ಊರ ತೇರಿನ ಚಿತ್ರ, ಮೊಮ್ಮಗುವಿನ ನಗೆ, ಇವುಗಳನ್ನು ಪದಗಳು ಕೊಡಲಾರವು. ಆದರೆ ಚಿತ್ರವನ್ನೂ ಹದವರಿತು ಕಳುಹಿಸಬಹುದು. 12 ಮೆಗಾಪಿಕ್ಸೆಲಿನ ಚಿತ್ರದಲ್ಲಿ ಅಡ್ಡಕ್ಕೆ 4000, ಉದ್ದಕ್ಕೆ 3000, ಒಟ್ಟು 1 ಕೋಟಿ 20 ಲಕ್ಷ ಚುಕ್ಕೆಗಳಿರುತ್ತವೆ. ನೋಡುವವನ ಫೋನಿನ ಪರದೆ ಅಡ್ಡಕ್ಕೆ 1080 ಚುಕ್ಕೆಗಳದ್ದಾದರೆ, ಆ ಚಿತ್ರದಿಂದ ಒಮ್ಮೆಗೆ ಅವನ ಕಣ್ಣಿಗೆ ಬೀಳುವುದು ಒಂಬತ್ತು ಲಕ್ಷಕ್ಕೂ ಕಡಿಮೆ ಚುಕ್ಕೆಗಳು. ಉಳಿದವು ಹಣ ತೆತ್ತು ತರಿಸಿಯೂ ನೋಡದೆ ಬಿಟ್ಟವು. ಒಂದು ಇಡ್ಲಿ ಕೇಳಿದವನಿಗೆ ಹದಿಮೂರು ಇಡ್ಲಿ ಬಡಿಸಿ, ಹದಿಮೂರಕ್ಕೂ ಬಿಲ್ಲು ಬರೆದಂತಾಯಿತು.

ಆದುದರಿಂದ ಕೆಲವು ಸಣ್ಣ ನಿಯಮಗಳನ್ನು ವಾಚಕರಿಗೆ ಸೂಚಿಸುತ್ತೇವೆ. ಓದಬೇಕಾದುದನ್ನು ಅಕ್ಷರದಲ್ಲಿಯೇ ಬರೆಯಿರಿ. ಸೂಚನೆಯ ಫೋಟೋ ಬೇಕೇಬೇಕೆಂದಿದ್ದರೆ ಅದರ ಕೆಳಗೆ ವಿಷಯ, ಸ್ಥಳ, ದಿನಾಂಕಗಳನ್ನಾದರೂ ನಾಲ್ಕು ಸಾಲಿನಲ್ಲಿ ಕೊಡಿರಿ. ಚಿತ್ರವನ್ನು ವಾಟ್ಸಾಪಿನಲ್ಲಿ ಸಾಮಾನ್ಯ ರೀತಿಯಲ್ಲಿ ಕಳುಹಿಸಿದರೆ ಅದು ತಾನೇ ಕುಗ್ಗಿಸಿ ಒಯ್ಯುತ್ತದೆ; 'ಡಾಕ್ಯುಮೆಂಟ್' ಎಂದು ಕಳುಹಿಸಿದರೆ ಪೂರ್ತಿ ತೂಕದೊಡನೆ ಹೋಗುತ್ತದೆ. ಅಚ್ಚಿಗೆ ಬೇಕಾದ ಚಿತ್ರಕ್ಕೆ ಮಾತ್ರ ಎರಡನೆಯ ದಾರಿಯನ್ನು ಹಿಡಿಯಿರಿ. ಸಮಾರಂಭದ ನಲವತ್ತು ಚಿತ್ರಗಳಲ್ಲಿ ನಾಲ್ಕನ್ನು ಆರಿಸಿರಿ. ಸಂಘದ ಸ್ಮರಣಸಂಚಿಕೆಯಂತಹ ದೊಡ್ಡ ಕಡತವಾದರೆ, ಎಷ್ಟು ಮೆಗಾಬೈಟ್ ಎಂದು ಮೊದಲು ತಿಳಿಸಿ, ಬೇಕಾದವರು ಇಳಿಸಿಕೊಳ್ಳುವಂತೆ ಕೊಂಡಿಯನ್ನು ಮಾತ್ರ ಕೊಡಿರಿ. ಪಡೆಯುವವರು ವಾಟ್ಸಾಪಿನ 'ಸೆಟ್ಟಿಂಗ್ಸ್' ಒಳಗೆ 'ಸ್ಟೋರೇಜ್ ಆ್ಯಂಡ್ ಡೇಟಾ' ಎಂಬಲ್ಲಿಗೆ ಹೋಗಿ, ಮೊಬೈಲ್ ಡೇಟಾದಲ್ಲಿ ಚಿತ್ರ, ಧ್ವನಿ, ಚಲಚ್ಚಿತ್ರ ಯಾವುದೂ ತಾನಾಗಿ ಇಳಿಯದಂತೆ ಗುರುತು ತೆಗೆದುಬಿಡಿರಿ. ಬೇರಿಂಗ್ ಪತ್ರವನ್ನು "ಬೇಡ" ಎನ್ನುವ ಹಕ್ಕು ಇದರಿಂದ ನಿಮಗೆ ಮರಳಿ ದೊರೆಯುತ್ತದೆ. ಈ ಮಾರ್ಪಾಡು ತಿಳಿಯದ ಹುಡುಗನಿಗೆ ಪಕ್ಕದ ಹಾಸಿಗೆಯವನು ತಿಳಿಸಿಕೊಡಲಿ.

ಹೋಟೆಲು ಮಾಲಕ ಬಾಂಧವರಲ್ಲಿಯೂ ಒಂದು ವಿಜ್ಞಾಪನೆಯುಂಟು. ಆ ವೃತ್ತಿಯ ಕಷ್ಟಸುಖಗಳನ್ನು ಅನುಭವಿಸಿದವರಾದ್ದರಿಂದ ಈ ಮಾತನ್ನು ಆಡುವ ಸಲುಗೆ ನಮಗಿದೆ. ಎಷ್ಟೋ ಹೋಟೆಲುಗಳಲ್ಲಿ ಗಿರಾಕಿಗಳಿಗೆ ವೈಫೈ ಉಚಿತವೆಂದು ಫಲಕ ತೂಗುತ್ತಿರುತ್ತದೆ. ಆ ಗಿರಾಕಿಗೆ ಕಾಫಿ ತಂದಿಡುವವನಿಗೆ ಮಾತ್ರ ಅದರ ಗುಪ್ತಪದ ತಿಳಿಯದು. ಮಧ್ಯಾಹ್ನ ಮೂರರ ಮೇಲೆ ಗಿರಾಕಿ ಇಳಿದ ಹೊತ್ತಿನಲ್ಲಿ ಒಂದು ಗಂಟೆ, ರಾತ್ರಿ ಶಟರು ಎಳೆದ ಮೇಲೆ ಒಂದು ಗಂಟೆ, ಕೆಲಸದವರಿಗೆ ಆ ಸಂಪರ್ಕವನ್ನು ಬಿಟ್ಟುಕೊಟ್ಟರೆ ತಿಂಗಳ ಬಾಡಿಗೆ ಒಂದು ಕಾಸೂ ಹೆಚ್ಚಾಗುವುದಿಲ್ಲ. ಒಂದು ಕಾಲದಲ್ಲಿ ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಹೋಟೆಲಿನ ಹುಡುಗರಿಗೆ ಅಕ್ಷರ ಕಲಿಸಿದುವು. ಹಗಲು ಲೋಟ ತೊಳೆದು ರಾತ್ರಿ ಪಾಠ ಓದಿದವರು ಮುಂದೆ ಗುಮಾಸ್ತರಾದರು, ವಕೀಲರಾದರು, ಮಾಲಕರೂ ಆದರು. ಇಂದಿನ ಹುಡುಗನ ರಾತ್ರಿಶಾಲೆ ಅವನ ಫೋನಿನಲ್ಲಿರಬಹುದು. ಅದರ ಬಾಗಿಲನ್ನು ತೆರೆದಿಡುವುದು ಮಾಲಕರಿಗೆ ಭೂಷಣ.

ತಾಂತ್ರಿಕ ಪದಗಳು ಹೊಸವು. ಅವುಗಳ ಹಿಂದಿರುವ ಧರ್ಮ ಹಳೆಯದು. ಬೈಟು, ಬಿಟ್ಟುಗಳ ಲೆಕ್ಕ ಮರೆತರೂ ಅಡ್ಡಿಯಿಲ್ಲ. ಕಳುಹಿಸುವ ಗುಂಡಿಯನ್ನು ಒತ್ತುವ ಮೊದಲು, ಇದನ್ನು ಪಡೆಯತಕ್ಕವನು ಯಾರು, ಅವನ ಪಾಲು ಎಷ್ಟು, ಇದು ಅವನಿಗೆ ಬೇಕೇ ಎಂಬ ಮೂರು ಪ್ರಶ್ನೆಗಳನ್ನು ಮನಸ್ಸಿನಲ್ಲಿಯೇ ಕೇಳಿಕೊಂಡರೆ ಸಾಕು. ಬರೆದ ನಾಲ್ಕು ಒಳ್ಳೆಯ ಮಾತುಗಳು ಯಾರ ಟಾಕಿಯನ್ನೂ ಬರಿದುಮಾಡುವುದಿಲ್ಲ. ಅವನ್ನು ಧಾರಾಳವಾಗಿ ಕಳುಹಿಸಿರಿ.